ಅವ್ವ ಹಿಡಿದ ನೀರಿನ ಪೈಪು

ಜಗತ್ ಸರ್ಕಲ್ಲಿನ ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟ ಪಾರದರ್ಶಕ ಪೈಪು ಕಂಡರೆ ನನಗೆ ಇವತ್ತಿಗೂ ಕಮಲಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಅಲ್ಲಿ ಮನೆ ಕಟ್ಟುವ ಕೂಲಿಗೆ ಹೋಗುತ್ತಿದ್ದಳು. ಅವತ್ತು ನಾನೂ ಜೊತೆಗೆ ಹೋಗಿದ್ದೆ. ಮನೆಯ ಮುಂದಿನ ಮತ್ತು ಹಿಂದಿನ ಗೋಡೆಗಳಲ್ಲಿ ಕಿಟಕಿ ಒಂದೇ ಎತ್ತರಕ್ಕೆ ಬರಲೆಂದು ಗೋಡೆ ಕಟ್ಟುವ ಗೌಂಡಿ ಗೆರೆ ಎಳೆದಿದ್ದ.

"ಹಿಂದಿನ ಗೆರಿ ತಗ್ಗಿನಾಗ ಅದ ಅನಸ್ತದ್ರಿ," ಎಂದಳು ಅವ್ವ.

"ನಡುವ ಗೋಡಿ ಅದ, ನಿನಗ ಹ್ಯಾಂಗ ಕಾಣ್ತು? ಸುಳ್ಳಾದ್ರ ನಾಳಿಂದ ಬರಬ್ಯಾಡ," ಎಂದ ಗೌಂಡಿ.

ಅವ್ವ ಪೈಪಿಗೆ ನೀರು ತುಂಬಿ, ಒಂದು ತುದಿ ಕೊಟ್ಟು ನನ್ನನ್ನು ಹಿಂದಿನ ಗೋಡೆಗೆ ಕಳಿಸಿದಳು. ತನ್ನ ತುದಿಯ ನೀರನ್ನು ಮುಂದಿನ ಗೆರೆಗೆ ಸರಿಹೊಂದಿಸಿದಳು. ನನ್ನ ಕೈಯಲ್ಲಿ ನೀರು ಏರಿತು, ಇಳಿಯಿತು, ನಡುಗಿ ನಿಂತಿತು. ಗೆರೆಗಿಂತ ನಾಲ್ಕು ಬೆರಳು ಮೇಲೆ!

"ನೀರಿಗಿ ಹ್ಯಾಂಗ ಗೊತ್ತಾತವ್ವಾ?" ಎಂದು ಕೂಗಿದೆ.

"ಒಂದ್ ಕಡಿ ಎತ್ತರಾದ್ರ ಅದರ ಭಾರ ಇನ್ನೊಂದ್ ಕಡಿಗಿ ನೂಕತದ. ಎರಡೂ ಸಮ ಆದ ಮ್ಯಾಲೇ ನಿಂದ್ರತದ," ಗೋಡೆಯಾಚೆಯಿಂದ ಅವ್ವನ ದನಿ ಬಂತು.

ಗೌಂಡಿ ಬಂದು ನೋಡಿದ. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅವ್ವನಿಗೆ ಕೊಟ್ಟ.

"ಗೆರಿ ನೀನೇ ಹಾಕವ್ವಾ."

ಅವ್ವ ಪೆನ್ಸಿಲ್ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.