ಒಂದನೇ ಗೆರೆಯ ಪಂಪು

"ಹಳೇದನ್ನ ಬಿಚ್ಚೋ ಉಸಾಬರಿ ಯಾಕೆ? ಅಪಶಕುನದ ಮಾಲು ಅದು. ಕಸಕ್ಕೆ ಎಸೀರಿ," ಎಂದರು ಯಜಮಾನರು.

ಅಂಗಡಿಯಾಕೆ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷದಿಂದ ಪಂಪು ಮಾರುವವಳು, ಗಿರಾಕಿಯ ಮಾತಿಗಿಂತ ಪಂಪಿನ ಮಾತು ನಂಬುವವಳು. "ಹೊಸದು ಕೂರಬೇಕಾದ್ರೆ ಹಳೇದರ ಅಳತೆ ಬೇಕಲ್ಲ ಸ್ವಾಮಿ. ನಿಮಗೆ ಅವಸರ ಇದ್ರೆ ಹೊರಡಿ. ಪಂಪು ಇವನದು ತಾನೆ?"

ಯಜಮಾನರು ಹೊರಡಲಿಲ್ಲ. ಐದು ಮಹಡಿಯ ಕಟ್ಟಡದ ಒಡೆಯರು ಅವರು, ಅದರ ಕಿಟಕಿ ತೊಳೆಸಬೇಕೆಂದು ಕೆಲಸದವನನ್ನು ತಾವೇ ಪಂಪಿನಂಗಡಿಗೆ ಕರೆತಂದಿದ್ದರು.

ಪಂಪಿನ ಒಡೆಯನನ್ನು ಬೀದಿಯೆಲ್ಲ ಕರೆಯುತ್ತಿದ್ದುದು ತಮ್ಮ ಎಂದೇ. ಅಣ್ಣ ಇದ್ದಾಗ ಅಂಟಿದ ಹೆಸರು, ಅಣ್ಣ ಹೋದ ಮೇಲೂ ಬಿಡಲಿಲ್ಲ. ಕಟ್ಟಡಗಳ ಕಿಟಕಿ ತೊಳೆಯುವುದು ಕಸುಬು. ವ್ಯಾನಿನಲ್ಲಿ ನೀರಿನ ಟ್ಯಾಂಕು, ಅದಕ್ಕೊಂದು ಪಂಪು, ಪಂಪಿನಿಂದ ಉದ್ದನೆಯ ಪೈಪು, ತುದಿಯಲ್ಲಿ ಬ್ರಷ್ಷು. ಪಂಪು ಎರಡು ದಿನದಿಂದ ಸೋರುತ್ತಿತ್ತು.

ಅಂಗಡಿಯಾಕೆ ಮೇಜಿನ ಮೇಲೆ ಮೂರು ಹೊಸ ಪಂಪು ಸಾಲಾಗಿ ಇಟ್ಟಳು. ಎಷ್ಟು ಮಹಡಿ, ಪೈಪು ಎಷ್ಟು ಉದ್ದ, ಬ್ರಷ್ಷು ಒಂದೋ ಎರಡೋ ಎಂದು ಒಂದೊಂದೇ ಕೇಳಿದಳು.

"ಎಲ್ಲದಕ್ಕಿಂತ ಮೆತ್ತಗಿರೋದು ಕೊಡಿ," ಎಂದ ತಮ್ಮ.

"ಎಲ್ರೂ ಜೋರಾಗಿರೋದು ಕೇಳ್ತಾರೆ. ನೀನು ಕಿಟಕಿ ತೊಳೀತೀಯೋ, ಕೂಸಿಗೆ ಸ್ನಾನ ಮಾಡಿಸ್ತೀಯೋ?"

ತಮ್ಮನಿಗೆ ನಗು ಬರಲಿಲ್ಲ. "ಮೆತ್ತಗಿದ್ದರೆ ನನ್ನ ಐದು ಮಹಡಿ ಹೇಗಪ್ಪಾ?" ಎಂದರು ಯಜಮಾನರು, ಅವನ ಬೆನ್ನು ಸವರುತ್ತ. "ಜೋರಾಗಿರೋದೇ ತಗೋ. ಆಗಿದ್ದು ಆಗಿಹೋಯ್ತು. ಮರೆತುಬಿಡು."

ಮರೆಯುವುದೆಲ್ಲಿಂದ ಬಂತು! ಮೂರು ವರ್ಷದಿಂದ ಅದು ಬೆನ್ನು ಬಿಡದ ಬೇತಾಳ.

ಆಗ ಈ ಪಂಪು ಹೊಚ್ಚ ಹೊಸದು, ಅದಕ್ಕೆ ಅದು ಮೊದಲನೇ ದಿನ. ಅಣ್ಣತಮ್ಮ ಅಲ್ಲಿಯವರೆಗೆ ಬಕೆಟ್ಟು ಹೊತ್ತವರು. ಚಳಿಗಾಲದ ಬೆಳಿಗ್ಗೆ, ಟ್ಯಾಂಕಿನ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಇದೇ ಯಜಮಾನರ ಮನೆ, ಮೂರನೇ ಮಹಡಿಯ ಬಚ್ಚಲಿನ ಕಿಟಕಿ. ಅಣ್ಣ ಏಣಿ ಹತ್ತಿ, ಪೈಪಿನ ತುದಿಯನ್ನು ಮೇಲಿನ ಮೆಟ್ಟಿಲಿಗೆ ಬಿಗಿದು, "ನೀರು ಬಿಡೋ!" ಎಂದ. ವ್ಯಾನಿನೊಳಗಿದ್ದ ತಮ್ಮ ಹೊಸ ಆಟಿಕೆ ಸಿಕ್ಕ ಖುಷಿಯಲ್ಲಿ ಪಂಪಿನ ಒತ್ತಡದ ಗುಂಡಿಯನ್ನು ಕೊನೆಯ ಗೆರೆಗೆ ತಿರುಗಿಸಿದ.

"ಬೇಡ! ಬೇಡ!"

ಆಮೇಲೆ ಧಡ್ ಎಂದಿತು.

ಓಡಿ ಬಂದರೆ ಅಣ್ಣ ನೆಲದ ಮೇಲಿದ್ದ. ತಲೆಯಿಂದ ಕಾಲಿನವರೆಗೆ ಒದ್ದೆ. ತಬ್ಬಿಕೊಂಡಾಗ ತೊಯ್ದ ಅಂಗಿ ಬೆಚ್ಚಗಿತ್ತು. ಇನ್ನೂ ಜೀವ ಇದೆ ಎಂದುಕೊಂಡ. ಇರಲಿಲ್ಲ. ಮೇಲಿನ ಕಿಟಕಿಯಿಂದ ಬಗ್ಗಿದ ಯಜಮಾನರು, "ಅಯ್ಯೋ, ನೀರು ಮುಖಕ್ಕೇ ಹೊಡೀತು! ಕಣ್ಣಾರೆ ಕಂಡೆ!" ಎಂದು ಬಾಯಿ ಬಡಿದುಕೊಂಡರು. ಕಂಡವರು ಅವರೊಬ್ಬರೇ. ಪೊಲೀಸರೂ ಹಾಗೇ ಬರೆದುಕೊಂಡರು. ದೇವರಂಥ ಮನುಷ್ಯ, ತಮ್ಮನನ್ನು ಒಂದು ಮಾತು ಬೈಯಲಿಲ್ಲ. ಅದೇ ವಾರ ಅವರ ಹೆಂಡತಿ ಕತ್ತಿಗೆ ಬಟ್ಟೆ ಸುತ್ತಿಕೊಂಡು ತವರಿಗೆ ಹೋದರಂತೆ, ಮತ್ತೆ ಬರಲೇ ಇಲ್ಲವಂತೆ. ತಮ್ಮ ಅದಕ್ಕೂ ತನ್ನನ್ನೇ ಬೈದುಕೊಂಡ: ಸಾವು ಕಂಡ ಮನೆಯಲ್ಲಿ ಯಾರು ಇರುತ್ತಾರೆ?

ಅಂದಿನಿಂದ ಅವನು ಗುಂಡಿಯನ್ನು ಒಂದನೇ ಗೆರೆ ದಾಟಿಸಿಲ್ಲ. ನೆಲಮಟ್ಟದ ಅಂಗಡಿ ಗಾಜು ಬಿಟ್ಟು ಬೇರೆ ಕೆಲಸ ಒಪ್ಪಿಲ್ಲ. ಗುಂಡಿ ಮುಟ್ಟಿದಾಗಲೆಲ್ಲ ಕಿವಿಯಲ್ಲಿ ಅದೇ ಕೂಗು. ಅತ್ತಿಗೆ ದಿನವೂ ಅವನಿಗೆ ಬಡಿಸುತ್ತಾಳೆ, ಆದರೆ ಮುಖ ನೋಡುವುದಿಲ್ಲ, ತುಟಿ ಬಿಚ್ಚುವುದಿಲ್ಲ. ಒಂದೇ ಒಂದು ಸಲ ಅವಳು ಮಾತಾಡಿಸಿದರೆ ಸಾಕು, ಬೈದರೂ ಸರಿ, ಎಂದು ಅವನ ಜೀವ ಹಂಬಲಿಸುತ್ತಿತ್ತು.

"ಅಲ್ಲಯ್ಯಾ," ಎಂದಳು ಅಂಗಡಿಯಾಕೆ. ಹಳೆಯ ಪಂಪಿನ ಮುಚ್ಚಳ ಕೈಯಲ್ಲಿತ್ತು. "ಇದರ ಮುದ್ರೇನೇ ಒಡೆದಿಲ್ಲವಲ್ಲ ನೀನು!"

"ಯಾವ ಮುದ್ರೆ?"

"ಈ ತಿರುಪಿನ ಮೇಲೆ ಕೆಂಪು ಬಣ್ಣ ಇದೆ ನೋಡು. ಕಾರ್ಖಾನೆಯಲ್ಲಿ ಕಮ್ಮಿ ಒತ್ತಡಕ್ಕೆ ಇಟ್ಟು ಬಣ್ಣ ಬಳಿದು ಕಳಿಸ್ತಾರೆ. ಎತ್ತರದ ಕೆಲಸ ಇದ್ದರೆ ಮುದ್ರೆ ಒಡೆದು ತಿರುಪು ಬಿಗಿ ಮಾಡ್ಕೋಬೇಕು. ಬಕೆಟ್ಟಿನಿಂದ ಪಂಪಿಗೆ ಬಂದೋರೆಲ್ಲ ಮಾಡೋ ತಪ್ಪು ಇದು."

"ಕೊನೇ ಗೆರೆವರೆಗೂ ತಿರುಗಿಸಿದ್ದೆ," ಎಂದ ತಮ್ಮ.

"ಗುಂಡಿ ಕಿತ್ತು ಬರೋ ಹಾಗೆ ತಿರುಗಿಸು, ಅಷ್ಟೇ. ಒಂದು ಮಹಡಿ ಏರೋದ್ರಲ್ಲಿ ಮೋಟಾರು ತಾನಾಗೇ ನಿಂತುಬಿಡುತ್ತೆ."

"ಮೂರನೇ ಮಹಡಿಗೆ?"

"ಒಂದು ಹನಿಯೂ ಹೋಗಿರಲ್ಲ. ಬರೆದು ಕೊಡ್ಲಾ?"

ಯಜಮಾನರು ನಕ್ಕರು. "ಹೆಂಗಸಿಗೇನು ಗೊತ್ತು? ಬಾ, ಬೇರೆ ಅಂಗಡಿ ನೋಡೋಣ," ಎನ್ನುತ್ತ ಹಳೆಯ ಪಂಪಿಗೆ ಕೈ ಹಾಕಿದರು.

ತಮ್ಮ ಪಂಪನ್ನು ಎತ್ತಿ ಎದೆಗೆ ಅವಚಿಕೊಂಡ. ಕೆಳಗಿನಿಂದ ನೀರು ಹೋಗಿಲ್ಲ ಎಂದಮೇಲೆ ಅಣ್ಣನ ತಲೆಯ ಮೇಲೆ ಬಿದ್ದದ್ದು ಮೇಲಿನ ನೀರು, ಬಚ್ಚಲಿನ ಬಿಸಿನೀರು. ಮೇಲೆ ಕಿಟಕಿಯಲ್ಲಿದ್ದವರು ಒಬ್ಬರೇ. ಅದೇ ವಾರ ಕತ್ತು ಮುಚ್ಚಿಕೊಂಡು ಹೋದ ಅವರ ಹೆಂಡತಿ ನೆನಪಾದರು. ಅವನು ಬಾಗಿಲಿಗೆ ಅಡ್ಡ ನಿಂತು ಮನೆಗೆ ಫೋನ್ ಹಚ್ಚಿದ. ಅತ್ತಿಗೆ ಎತ್ತಿದಳು, ಎಂದಿನಂತೆ ಮಾತಿಲ್ಲ, ಉಸಿರಷ್ಟೇ.

"ಅತ್ತಿಗೆ, ಅಣ್ಣ 'ಬೇಡ' ಅಂತ ಕೂಗಿದ್ದು ನನಗಲ್ಲ, ಬಚ್ಚಲೊಳಗೆ ಹೆಂಡತಿಯ ಕತ್ತು ಹಿಡಿದಿದ್ದ ಈ ಯಜಮಾನರಿಗೆ."