ಊರೊಳಕ್ಕೆ

"ದಿನಾ ಬೆಳಿಗ್ಗೆ, ಸಂಜೆ ಊರೊಳಕ್ಕೆ ಹೋಗಿ ಡೇರಿಗೆ ಹಾಲು ಹಾಕಿ ಬತ್ತೀವಿ ಸಾರ್" ಎಂದಳು ಅರುಂಧತಿ. ಅಷ್ಟಕ್ಕೇ ಇಡೀ ತರಗತಿ ಗೊಳ್ಳೆಂದಿತು.

ಮಳವಳ್ಳಿಯ ಕಾಲೇಜೊಂದರ ಮೊದಲ ವರ್ಷದ ಬಿ.ಎ. ತರಗತಿ, ಸಮಾಜಶಾಸ್ತ್ರ ಪರಿಚಯದ ಪಾಠ. ಒಂದೇ ಊರಿನ ಇಬ್ಬರು ಸೇರಿ ಬೋರ್ಡಿನ ಮೇಲೆ ಊರಿನ ನಕ್ಷೆ ಬರೆದು ವಿವರಿಸಬೇಕು. ಅದಕ್ಕೆ ಹತ್ತು ಅಂಕ. ಕಿರುಗಾವಲು ಕಡೆಯಿಂದ ಒಂದೇ ಬಸ್ಸಿಗೆ ಬರುವ ಮೋಹಿನಿಯೂ ಅರುಂಧತಿಯೂ ಒಂದು ಜೋಡಿ. ಸೀಮೆಸುಣ್ಣ ಮೋಹಿನಿಯ ಕೈಯಲ್ಲಿತ್ತು. ಕೈಯೇನೋ ಚೆನ್ನಾಗಿಯೇ ಓಡಿತು ಅನ್ನಿ: ಬೋರ್ಡಿನ ನಟ್ಟನಡುವೆ ಮಾರಮ್ಮನ ಗುಡಿ, ಅದರ ಸುತ್ತ ಅರಳಿಕಟ್ಟೆ, ಡೇರಿ, ಆಲೆಮನೆ, ಬೀದಿಬೀದಿಯ ಒಂದೊಂದು ಮನೆ. ಕೊನೆಗೆ ಬಲಗಡೆ ಕೆಳಮೂಲೆಯಲ್ಲಿ ಅಂಗೈಯಗಲ ಜಾಗ ಉಳಿಯಿತು. ಅಲ್ಲೊಂದು ಸೊನ್ನೆ ಸುತ್ತಿ, ಅದರ ಕೆಳಗೆ 'ಊರಾಚೆ ಕೇರಿ' ಎಂದು ಬರೆದಳು. ಅರುಂಧತಿಯ ಮನೆ ಆ ಸೊನ್ನೆಯೊಳಗೆ ಎಲ್ಲೋ ಇತ್ತು.

"ಊರೊಳಕ್ಕೆ ಬತ್ತಾಳಂತೆ ಕಣ್ಲಾ!" ಹಿಂದಿನ ಬೆಂಚಿನಿಂದ ತೇಜು ಕೂಗಿದ. "ಯಾವ ದೇಸದಿಂದ ಬತ್ತಾಳೆ, ಪಾಸ್‌ಪೋರ್ಟು ಅದಾ ಕೇಳ್ಲಾ!"

ರಘುನಂದನ್ ಮೇಷ್ಟ್ರು ಕೆಟ್ಟವರಲ್ಲ. ನಗು ಅಡಗಲೆಂದು ಮೇಜು ತಟ್ಟಿದರು. ಆದರೆ ತಾನಾಗಿ ಸಿಕ್ಕ ಉದಾಹರಣೆಯನ್ನು ಬಿಟ್ಟುಕೊಡುವ ಮೇಷ್ಟ್ರು ಎಲ್ಲಿದ್ದಾರೆ?

"ನಗೋದಲ್ಲ, ಬರ್ಕೊಳ್ಳಿ. ಕೇರಿಯ ನಿವಾಸಿಗಳು ಸ್ವತಃ ತಮ್ಮನ್ನು ಊರಿನ ಹೊರಗಿನವರೆಂದೇ ಭಾವಿಸುತ್ತಾರೆ."

ಪೆನ್ನುಗಳೆಲ್ಲ ಬಗ್ಗಿದವು.

"ಬರೀಬೇಡಿ" ಎಂದಳು ಅರುಂಧತಿ.

ಮೇಷ್ಟ್ರು ಕನ್ನಡಕ ತೆಗೆದರು. "ಯಾಕಮ್ಮಾ? ಊರೊಳಕ್ಕೆ ಅಂದಿದ್ದು ನೀನೇ ತಾನೆ?"

"ನಾನೇ ಸಾರ್. ನಮ್ಮಜ್ಜಿ ಅಂತಿದ್ಲು, ನಮ್ಮವ್ವ ಅಂತಾಳೆ, ನನ್ನ ಬಾಯಿಗೂ ಬಂತು. ಅನ್ನೋರು ನಾವು ಅಂತ ಬರ್ಸಿ. ಅಂಗೆ ಅನ್ನಿಸ್ದೋರು ಯಾರು ಅಂತಾನೂ ಬರ್ಸಿ."

ಅರುಂಧತಿ ಮೋಹಿನಿಯ ಮುಂದೆ ಕೈಚಾಚಿದಳು. "ಕೊಡಿಲ್ಲಿ ಸುಣ್ಣ."

"ಜಾಗ ಉಳೀಲಿಲ್ಲ ಕಣೇ. ಬೇಕೂಂತ ಮಾಡ್ಲಿಲ್ಲ, ನಮ್ಮಮ್ಮನಾಣೆ."

"ಯಾರೂ ಬೇಕೂಂತ ಮಾಡಲ್ಲ ಬುಡು. ನಮ್ಮ ಬೀದೀಲಿ ಇರೋ ಒಂದು ಮನೆ ಹೆಸ್ರು ಹೇಳು, ನೋಡನ."

"ನಾನ್ಯಾವತ್ತು ಬಂದಿದ್ದೆ ಅಲ್ಲಿಗೆ?"

"ಅದ್ನೇ ನಾನೂ ಕೇಳ್ತಿರೋದು."

ಅಂಗೈಯಿಂದ ಸೊನ್ನೆಯನ್ನು ಒರೆಸಿ ಅರುಂಧತಿ ಬರೆಯತೊಡಗಿದಳು. ಬೀದಿಯ ಗೆರೆ ಎಳೆದಳು. ಬೋರ್ಡು ಮುಗಿಯಿತು, ಗೆರೆ ಮುಗಿಯಲಿಲ್ಲ. ಮರದ ಚೌಕಟ್ಟನ್ನು ದಾಟಿ ಗೋಡೆಗೆ ಹೋಯಿತು. ಆ ವಾರ ತಪಾಸಣೆಗೆ ಜನ ಬರುತ್ತಾರೆಂದು ಆಗಷ್ಟೇ ಬಣ್ಣ ಹೊಡೆಸಿದ್ದ ಗೋಡೆ! "ಇದು ಬೇವಿನ ಮರ. ಇದು ಬುದ್ಧವಿಹಾರ. ಇದು ದೊಡ್ಡಸಿದ್ದಯ್ಯನ ಮನೆ. ಇದು ಮಿಲಿಟರಿ ಕೆಂಪಯ್ಯಂದು, ಇವರ ಹುಂಜ ಎಲ್ರಿಗಿಂತ ಮುಂಚೆ ಕೂಗ್ತದೆ. ಇದು ನಮ್ದು, ನಮ್ಮಪ್ಪ ಕೆಂಪಸಿದ್ದಯ್ಯಂದು. ಬಾಗಿಲು ನೀಲಿ, ಕೈಲಿರೋ ಸುಣ್ಣ ಬಿಳೀದು, ಏನ್ ಮಾಡಾದು." ಹೇಳುತ್ತ, ಬರೆಯುತ್ತ, ಕಿಟಕಿಯ ತನಕ ಹೋದಳು. ಪ್ರತಿ ಮನೆಗೂ ಹೆಸರಿತ್ತು.

"ಏಯ್! ಗೋಡೆ, ಗೋಡೆ!" ಮೇಷ್ಟ್ರಿಗೆ ಆಗ ಎಚ್ಚರವಾಯಿತು. "ಒರೆಸು ಅದನ್ನ!"

"ಬೋರ್ಡಲ್ಲಿ ಜಾಗ ಇಲ್ಲ ಸಾರ್."

"ಒರೆಸದಿದ್ರೆ ಹತ್ತಕ್ಕೆ ಸೊನ್ನೆ. ಆಮೇಲೆ ಈ ಪೇಪರು ಪಾಸಾಗೋದು ಕಷ್ಟ ಆಗುತ್ತೆ, ನೋಡ್ಕೋ."

ಅರುಂಧತಿ ಕೊನೆಯ ಮನೆಗೊಂದು ಬಾಗಿಲು ಬರೆದಳು. ಆಮೇಲೆ ಅಂದಳು: "ಹಾಕಿ ಸಾರ್. ಸೊನ್ನೆಯೊಳಗೆ ಇದ್ದು ಅಭ್ಯಾಸ ಅದೆ ನಮಗೆ."

ಮೇಷ್ಟ್ರ ಮುಖ ಕೆಂಪಾಯಿತು. ಡಸ್ಟರನ್ನು ಮೋಹಿನಿಯ ಕೈಗಿಟ್ಟರು. "ಸೊನ್ನೆ ಬಂದ್ರೆ ಜೋಡಿಗೇ ಬರುತ್ತೆ. ನೀನಾದ್ರೂ ಒರೆಸಮ್ಮ."

ಮೋಹಿನಿ ಗೋಡೆಯ ಹತ್ತಿರ ಹೋದಳು. ದೊಡ್ಡಸಿದ್ದಯ್ಯನ ಮನೆ ಓದಿದಳು, ಕೆಂಪಯ್ಯನ ಮನೆ ಓದಿದಳು, ಬಿಳಿ ಸುಣ್ಣದ ನೀಲಿ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ವಾಪಸು ಬಂದು ಡಸ್ಟರನ್ನು ಮೇಜಿನ ಮೇಲಿಟ್ಟಳು.

"ನಂಗೆ ನಿಲುಕಲ್ಲ ಸಾರ್."

ಮನೆಗಳೆಲ್ಲ ಅವಳ ಎದೆಮಟ್ಟಕ್ಕೇ ಇದ್ದವು.

ಮೇಷ್ಟ್ರು ಇಬ್ಬರ ಹೆಸರಿನ ಮುಂದೂ ಸೊನ್ನೆ ಹಾಕಿದರು. ಬೆಲ್ಲು ಹೊಡೆಯಿತು.

ಸಂಜೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಅರುಂಧತಿಯ ಫೋನು ಬಡಿದುಕೊಂಡಿತು. ಅವಳವ್ವ ದೇವಿರಮ್ಮ.

"ಬಸ್ಸತ್ತಿದ್ಯಾ ಮಗಾ? ಬೀಗದ ಕೈ ಕಿಟ್ಕೀಲಿ ಮಡಗಿವ್ನಿ. ನಾನು ಊರೊಳಕ್ಕೆ ಓಯ್ತಾ ಇವ್ನಿ."

"ಡೇರಿಗೆ ಓಯ್ತಾ ಇವ್ನಿ ಅನ್ನವ್ವ."

"ಊಂ ಕಣವ್ವ, ಅದೇ. ಊರೊಳಕ್ಕೆ."

"ಊರೊಳಕ್ಕೆ ಅಲ್ಲ ಕಣವ್ವ. ಡೇರಿಗೆ. ಬರೀ ಡೇರಿಗೆ."

ಆ ಕಡೆಯಿಂದ ದೇವಿರಮ್ಮ ನಕ್ಕಳು. "ಯಾಕವ್ವ, ಡೇರಿ ಏನು ಊರಿಂದ ಆಚಿಕ್ಕೆ ಓಯ್ತಾ?"

ಅರುಂಧತಿ ಸುಣ್ಣ ಮೆತ್ತಿದ್ದ ಬೆರಳುಗಳನ್ನು ನೋಡಿಕೊಂಡಳು.

"ಇಲ್ಲ ಕಣವ್ವ. ಊರು ಇವತ್ತು ವಸಿ ದೊಡ್ಡದಾಯ್ತು."