ಮಾಲೀಕರ ಪಟ್ಟಿ

ಗಂಟೆಗೆ ಎಂಬತ್ತು ಕಾಲರ್ ಹೊಲಿಯಬೇಕಿದ್ದದ್ದು ನೂರಹತ್ತಕ್ಕೆ ಏರಿದ ಮೇಲೆ ಆ ಗಾರ್ಮೆಂಟ್ಸಿನ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಕುಡಿದರೆ ನಡುವೆ ಎದ್ದು ಹೋಗಬೇಕಾಗುತ್ತಿತ್ತು. ಒಬ್ಬಳು ಮೆಷೀನಿನ ಮೇಲೇ ಕುಸಿದುಬಿದ್ದ ದಿನ, ಎಲ್ಲರ ಪರವಾಗಿ ನಿಂಗರಾಜಮ್ಮ ಮ್ಯಾನೇಜರ್ ಕೋಣೆಗೆ ಹೋದಳು.

"ಇನ್ನು ಕೈಲಾಗಲ್ಲ ಸಾರ್. ಮೊದಲಿನಷ್ಟೇ ಮಾಡಿ."

"ನನ್ನ ಕೈಲೇನಿದೆಯಮ್ಮ? ಇಳಿಸಿದ್ರೆ ನಾಳೆ ಈ ಕುರ್ಚೀಲಿ ಬೇರೆಯವರಿರ್ತಾರೆ."

"ಹಂಗಾದ್ರೆ ದೊಡ್ಡ ಸಾಹೇಬರನ್ನೇ ಕೇಳ್ತೀನಿ."

"ಅವರೂ ಸಂಬಳಕ್ಕಿರೋರೇ. ಕಂಪನಿ ಷೇರುದಾರರದ್ದು. ಲಾಭ ಸಾಲದು ಅಂತಾರೆ ಅವರು. ಹೆಚ್ಚಾಗದಿದ್ರೆ ದುಡ್ಡು ತೆಗೆದು ಇನ್ನೊಂದು ಕಂಪನೀಲಿ ಹಾಕ್ತಾರೆ. ಆಮೇಲೆ ನಾವು ಬಾಗಿಲು ಹಾಕ್ಕೊಂಡು ಹೋಗೋದೇ."

"ಅವರ ಹೆಸರು ಕೊಡಿ. ಅವರೂ ಅನ್ನ ತಿನ್ನೋರೇ ತಾನೆ? ಕಾಲು ಹಿಡಿದಾದ್ರೂ ಕೇಳ್ತೀನಿ."

ಮ್ಯಾನೇಜರ್ ಡ್ರಾಯರಿನಿಂದ ಷೇರುದಾರರ ಪಟ್ಟಿಯನ್ನು ತೆಗೆದು ಅವಳತ್ತ ತಿರುಗಿಸಿದ. ಎಲ್ಲರಿಗಿಂತ ಹೆಚ್ಚು ಪಾಲು ಇದ್ದವರ ಹೆಸರು ಮೊದಲ ಸಾಲಿನಲ್ಲೇ ಇತ್ತು. ನಿಂಗರಾಜಮ್ಮ ಬೆರಳಿಟ್ಟು ನಿಧಾನವಾಗಿ ಓದಿದಳು. ಮಗಳ ನರ್ಸಿಂಗ್ ಓದಿಗೆಂದು ಒಂಬತ್ತು ವರ್ಷದಿಂದ ತಿಂಗಳು ತಿಂಗಳೂ ಅವಳು ಐನೂರು ರೂಪಾಯಿ ಕಟ್ಟುತ್ತಿದ್ದ ಮ್ಯೂಚುವಲ್ ಫಂಡಿನ ಹೆಸರು ಅದು.